ಹನ್ನೊಂದು ನಿಮಿಷದ ಬೆಳಕು

"ಗುರುವಾರ ಫೋಟೋ ಎರವಲು ಕೊಟ್ಟವರ ಕಡೆಯವರು ಬರ್ತಾರಂತೆ," ಎಂದು ರಿಜಿಸ್ಟ್ರಾರ್ ಕೆಳಗಿನಿಂದ ಹೇಳಿದಾಗ ಅವನು ಏಣಿಯ ಆರನೇ ಮೆಟ್ಟಿಲಿನ ಮೇಲೆ ನಿಂತು ಬಲ್ಬಿನ ಗಾಜು ಒರೆಸುತ್ತಿದ್ದ.

ಸೋಮವಾರ ಕಲಾ ಸಂಗ್ರಹಾಲಯಕ್ಕೆ ರಜೆ. ಏಣಿ ಹೊರಗೆ ಬರುವುದು, ಬಲ್ಬು ಬದಲಾಗುವುದು, ಗೋಡೆಯ ಗೀರುಗಳಿಗೆ ಸುಣ್ಣ ಬೀಳುವುದು ಎಲ್ಲ ಆ ದಿನವೇ.

"ಬರ್ಲಿ. ಎಲ್ಲ ಲಕಲಕ ಅನ್ನೋ ಹಾಗೆ ಒರೆಸಿ ಇಟ್ಟಿರ್ತೀನಿ."

"ಒರೆಸಿದ್ದು ನೋಡೋಕಲ್ಲಪ್ಪ ಬರ್ತಿರೋದು. ಹದಿನೇಳನೇ ನಂಬರಿನ ಫ್ರೇಮಿನೊಳಗೆ ಗುಂಡಿ ಕೂರಿಸಿದಾರಲ್ಲ, ಅದನ್ನ ಓದ್ಕೊಂಡು ಹೋಗ್ತಾರೆ."

ಅವನ ಕೈ ನಿಂತಿತು. "ಯಾವ ಗುಂಡಿ?"

ರಿಜಿಸ್ಟ್ರಾರ್ ತಲೆಯೆತ್ತಿ ನೋಡಿದಳು. ಹೊರಗಿನಿಂದ ಎರವಲು ಬರುವ ಪ್ರತಿ ಕಲಾಕೃತಿಯ ಕಾಗದಪತ್ರ ಅವಳ ಜವಾಬ್ದಾರಿ. ಒಮ್ಮೆ ಓದಿದ್ದನ್ನು ಮರೆಯುವ ಜಾಯಮಾನ ಅವಳದಲ್ಲ. "ಕೋಟಿನ ಗುಂಡಿಯಷ್ಟಿದೆ. ಕೆಳಗಿನ ಎಡ ಮೂಲೇಲಿ. ಬೆಳಕು ಎಷ್ಟು ಬಿತ್ತು ಅಂತ ನಿಮಿಷ ನಿಮಿಷಕ್ಕೂ ಬರ್ಕೊಳ್ಳುತ್ತೆ. ಒಪ್ಪಂದದ ಏಳನೇ ಪುಟದಲ್ಲಿದೆಯಲ್ಲ. ನೀನೇ ಸೈನ್ ಹಾಕಿದೀಯ, ದೀಪದಣ್ಣ."

"ಓ, ಅದಾ," ಎಂದು ಅವನು ಮತ್ತೆ ಬಲ್ಬು ಒರೆಸತೊಡಗಿದ. ಅದು ಆಗಲೇ ಸ್ವಚ್ಛವಾಗಿತ್ತು.

ಮುಖ್ಯದ್ವಾರದ ಪಕ್ಕದ ಫಲಕದಲ್ಲಿ "ಈಗ ನಡೆಯುತ್ತಿರುವ ಪ್ರದರ್ಶನಗಳು" ಎಂಬ ಸಾಲಿನ ಕೆಳಗೆ ಮೂರು ಹೆಸರುಗಳಿದ್ದವು. ನೆಲಮಹಡಿಯಲ್ಲಿ ಕಲ್ಲು ಮತ್ತು ಕಂಚಿನ ಶಿಲ್ಪಗಳು. ಮೊದಲ ಮಹಡಿಯ ಉದ್ದನೆಯ ಹಜಾರದಲ್ಲಿ ಕಡಲತೀರದ ತೈಲಚಿತ್ರಗಳು. ಅದರ ಹಿಂದಿನ ಚಿಕ್ಕ ಕೋಣೆಯಲ್ಲಿ, ಇನ್ನೊಂದು ನಗರದ ಸಂಗ್ರಹಾಲಯದಿಂದ ನಾಲ್ಕು ತಿಂಗಳ ಮಟ್ಟಿಗೆ ತಂದ, ಕೈಯಿಂದ ಬಣ್ಣ ಹಚ್ಚಿದ ಮೂವತ್ತೆರಡು ಹಳೆಯ ಫೋಟೋಗಳು. ಹದಿನಾಲ್ಕು ವರ್ಷದಿಂದ ಇಲ್ಲಿನ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಅವನಿಗೆ ಇವು ಮೂರು ಪ್ರದರ್ಶನಗಳಲ್ಲ, ಮೂರು ಅಂಕಿಗಳು. ಕಲ್ಲಿಗೆ ಬೆಳಕಿನ ಮಿತಿಯಿಲ್ಲ. ತೈಲಚಿತ್ರಕ್ಕೆ ಇನ್ನೂರು ಲಕ್ಸ್. ಬಣ್ಣ ಹಚ್ಚಿದ ಫೋಟೋಗೆ ಐವತ್ತು. ಅದಕ್ಕಿಂತ ಒಂದೂ ಹೆಚ್ಚಿಲ್ಲ. ಬೆಳಕು ಬಿದ್ದಷ್ಟೂ ಆ ಬಣ್ಣ ಹಾರುತ್ತದೆ, ಹಾರಿದ್ದು ಮರಳಿ ಬರುವುದಿಲ್ಲ. ಐವತ್ತು ಲಕ್ಸ್ ಎಂದರೆ ಸಂಜೆ ದೀಪ ಹಾಕುವ ಮೊದಲಿನ ಮನೆಯ ಬೆಳಕು. ಬಿಸಿಲಿನಿಂದ ಬಂದವರು ಆ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಣ್ಣು ಹೊಂದಿಸಿಕೊಂಡೇ ಒಳಗೆ ಕಾಲಿಡುತ್ತಿದ್ದರು.

ಸಂಗ್ರಹಾಲಯದ ಸ್ವಂತ ಅಳತೆಯಂತ್ರವೊಂದು ಆ ಕೋಣೆಯ ಗೋಡೆಯ ಮೇಲಿತ್ತು. ಅದು ಹದಿನೈದು ನಿಮಿಷಕ್ಕೊಮ್ಮೆ ಬೆಳಕು ಅಳೆದು ಬರೆದಿಡುತ್ತಿತ್ತು: ಗಂಟೆಗೆ ಸರಿಯಾಗಿ, ಕಾಲಿಗೆ, ಅರೆಗೆ, ಮುಕ್ಕಾಲಿಗೆ. ನಡುವಿನ ಹದಿನಾಲ್ಕು ನಿಮಿಷ ಅದು ಕಣ್ಣು ಮುಚ್ಚಿರುತ್ತದೆ ಎಂಬುದು ಆ ಕಟ್ಟಡದಲ್ಲಿ ಅವನೊಬ್ಬನಿಗೇ ಗೊತ್ತಿದ್ದ ಸಂಗತಿ. ಕಳೆದ ಬುಧವಾರ ಅವನು ಆ ಸಂಗತಿಯನ್ನು ಬಳಸಿಕೊಂಡಿದ್ದ.

ಬುಧವಾರ ಚಿಕ್ಕಮ್ಮ ಬಂದಿದ್ದಳು. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅಲ್ಲಿಂದ ಮುಂದೆ ಅವನನ್ನು ಬೆಳೆಸಿದವಳು ಅವಳೇ. ಇಪ್ಪತ್ತಾರು ವರ್ಷ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಕಪ್ಪುಬಿಳುಪು ಮುಖಗಳ ಕೆನ್ನೆಗೆ ಬಣ್ಣ ತುಂಬಿದವಳು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಅದನ್ನು ಬಣ್ಣದಲ್ಲಿ ಅದ್ದುತ್ತಿದ್ದಳು. ಅವನು ಅದೇ ಮೇಜಿನ ತುದಿಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದ. ಈಗ ಅವಳಿಗೆ ಎಪ್ಪತ್ತೆಂಟು. ಎರಡೂ ಕಣ್ಣುಗಳ ನಟ್ಟನಡುವೆ ಮಸುಕು ಬಂದಿತ್ತು, ಅಂಚುಗಳಲ್ಲಿ ಮಾತ್ರ ದೃಷ್ಟಿ ಉಳಿದಿತ್ತು. ಡಾಕ್ಟರು ಅದಕ್ಕೆ ಒಂದು ಉದ್ದ ಹೆಸರು ಹೇಳಿದ್ದರು. ಅವಳು ಹೇಳುತ್ತಿದ್ದುದು ಬೇರೆ: "ನೋಡ್ಬೇಕು ಅಂದ್ಕೊಂಡದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತೆ." ಏನನ್ನಾದರೂ ನೋಡಬೇಕಾದರೆ ಮುಖವನ್ನು ಬೇರೆ ಕಡೆ ತಿರುಗಿಸಿ ಕಣ್ಣಿನ ಕೊನೆಯಿಂದ ಹಿಡಿಯಬೇಕಿತ್ತು. ಹೊಸಬರು ಅವಳಿಗೆ ಜಂಬ ಎಂದುಕೊಳ್ಳುತ್ತಿದ್ದರು.

ಎರಡು ಗಂಟೆಗೆ ಕಾವಲುಗಾರ ಊಟಕ್ಕೆ ಹೋದಾಗ ಕೋಣೆಯ ಮೇಲೆ ಕಣ್ಣಿಡುವ ಕೆಲಸ ಅವನ ಪಾಲಿಗೆ ಬರುತ್ತಿತ್ತು. ಆ ಹೊತ್ತಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗೆ ಕಲ್ಲಿನ ಬೊಂಬೆಗಳಿಗೆ ಅಷ್ಟು ದೀಪ ಸುರಿದು ಇಲ್ಲಿ ಮನುಷ್ಯರ ಮುಖವನ್ನು ಕತ್ತಲಲ್ಲಿ ಕೂರಿಸಿದ್ದೀರಲ್ಲ ಎಂದು ಬೈಯುತ್ತ ಚಿಕ್ಕಮ್ಮ ಅವನ ತೋಳು ಹಿಡಿದು ಒಂದೊಂದೇ ಚಿತ್ರ ದಾಟಿದಳು. ಕೋಣೆಯ ಕೊನೆಯಲ್ಲಿ, ಉಳಿದವುಗಳಿಂದ ದೂರ, ಗಿಡ್ಡ ಅಡ್ಡಗೋಡೆಯೊಂದರ ಮೇಲೆ ಹದಿನೇಳನೆಯದು ಒಂಟಿಯಾಗಿ ನೇತಾಡುತ್ತಿತ್ತು. ಬೆಂಚಿನ ಮೇಲೆ ಕೂತ ಇಬ್ಬರು ಹುಡುಗಿಯರು. ಚಿಕ್ಕವಳ ಜಡೆಗೆ ಅಗಲ ರಿಬ್ಬನ್ನು. ಚಿಕ್ಕಮ್ಮ ಮುಖವನ್ನು ಬಾಗಿಲ ಕಡೆ ತಿರುಗಿಸಿ ಬಹಳ ಹೊತ್ತು ನಿಂತಳು. ಪಕ್ಕದ ಚೀಟಿ ಓದು ಎಂದಳು. ಅವನು ಓದಿದ: ಇಬ್ಬರು ಸಹೋದರಿಯರು, ಸ್ಟುಡಿಯೋದ ಹೆಸರು, ಅಂದಾಜು ಇಸವಿ. ಬಣ್ಣ ಹಚ್ಚಿದವರು: ತಿಳಿದಿಲ್ಲ.

"ತಿಳಿದಿಲ್ಲವಂತೆ," ಎಂದಳು. "ಯಾರನ್ನ ಕೇಳಿದ್ರಂತೆ?"

ಆಮೇಲೆ ಅವಳು ರಿಬ್ಬನ್ನಿನ ಕಥೆ ಹೇಳಿದಳು. ಗಿರಾಕಿಗಳು ಹೇಳಿದ ಬಣ್ಣವನ್ನು ಮಾಲೀಕ ಕವರಿನ ಮೇಲೆ ಬರೆದು ಒಳಗೆ ಕಳಿಸುತ್ತಿದ್ದ. ಈ ಕವರಿನ ಮೇಲೆ ರಿಬ್ಬನ್ನು ಕೆಂಪು ಎಂದಿತ್ತು. ಆವತ್ತು ಕೆಂಪು ಮುಗಿದಿತ್ತು, ಇವಳು ಹಸಿರು ಹಚ್ಚಿಬಿಟ್ಟಳು. ಫೋಟೋ ಒಯ್ಯಲು ಬಂದ ಮಗು ತನ್ನ ರಿಬ್ಬನ್ನು ಇದಲ್ಲ ಎಂದು ಅಂಗಡಿಯ ನೆಲದ ಮೇಲೆ ಕೂತು ಅತ್ತಿತು. ಮರುದಿನ ಹಸಿರಿನ ಮೇಲೆಯೇ ಕೆಂಪು ಎಳೆದಿದ್ದಾಯಿತು.

"ಕಿವಿ ಕಡೆ ಅಂಚಲ್ಲಿ ಕೂದಲೆಳೆಯಷ್ಟು ಹಸಿರು ಉಳ್ಕೊಂತು. ಅದು ಇದ್ರೆ ಇದು ನಂದು. ಇಲ್ದಿದ್ರೆ ಯಾರದೋ. ನೋಡು."

ಅವನು ಬಗ್ಗಿ ನೋಡಿದ. ಐವತ್ತು ಲಕ್ಸಿನಲ್ಲಿ ಗಾಢ ಕೆಂಪೂ ಗಾಢ ಹಸಿರೂ ಒಂದೇ ಕಂದು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹನ್ನೆರಡು ನಿಮಿಷವಾಗಿತ್ತು. ಅವನು ನಾಲ್ಕು ನಿಮಿಷ ಕಾದ. ಎರಡೂಕಾಲಿಗೆ ಗೋಡೆಯ ಯಂತ್ರ ತನ್ನ ಅಳತೆ ತೆಗೆದುಕೊಂಡಿತು. ಎರಡು ಹದಿನಾರಕ್ಕೆ ಅವನು ಬಾಗಿಲ ಹಿಂದಿನ ಸ್ವಿಚ್ಚಿನ ಪೆಟ್ಟಿಗೆ ತೆರೆದು ಅಡ್ಡಗೋಡೆಯ ದೀಪವನ್ನು ಏರಿಸಿ ಇಳಿಸುವ ತಿರುಪನ್ನು ಪೂರ್ತಿ ತಿರುಗಿಸಿದ.

ಹಸಿರು ಇತ್ತು. ರಿಬ್ಬನ್ನಿನ ಕಿವಿಯ ಬದಿಯ ಅಂಚಿನಲ್ಲಿ, ಒಂದು ಕಾಳಿನಷ್ಟು ಉದ್ದ.

ಅದನ್ನು ನೋಡಲು ಒಂದು ನಿಮಿಷ ಸಾಕಾಗಿತ್ತು. ಆದರೆ ಚಿಕ್ಕಮ್ಮ ಆ ಬೆಳಕಿನಲ್ಲಿ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಕೆನ್ನೆ, ಕಾಲರು, ಬೆಂಚಿನ ಕಾಲು ನೋಡಿದಳು. ಹಸಿರೆಳೆ ಮಾತ್ರ ಅವಳಿಗೆ ಸಿಗಲಿಲ್ಲ. ಸ್ವಲ್ಪ ತಾಳು ಎಂದಳು, ಇನ್ನೂ ಸ್ವಲ್ಪ ಎಂದಳು. ಎರಡು ಇಪ್ಪತ್ತೇಳಕ್ಕೆ ಅವನು ತಿರುಪನ್ನು ಹಿಂದಕ್ಕೆ ತಂದ. ಎರಡೂವರೆಗೆ ಗೋಡೆಯ ಯಂತ್ರ ನಲವತ್ತೊಂಬತ್ತು ಎಂದು ಬರೆದುಕೊಂಡಿತು.

ಸೋಮವಾರ ಮಧ್ಯಾಹ್ನ, ರಿಜಿಸ್ಟ್ರಾರ್ ಊಟಕ್ಕೆ ಹೋದಾಗ ಅವನು ಅವಳ ಕಪಾಟಿನಿಂದ ಎರವಲು ಒಪ್ಪಂದದ ಫೈಲು ತೆಗೆದು ಏಳನೇ ಪುಟ ಓದಿದ. ಫ್ರೇಮಿನ ಗುಂಡಿ ಅಲ್ಲಿತ್ತು, ಅದರ ಪುಟ್ಟ ಚಿತ್ರದ ಸಮೇತ. ಪುಟದ ಕೊನೆಯಲ್ಲಿ ಅವನ ಸಹಿ. ಸಹಿ ಹಾಕಿದ ದಿನ ಚೆನ್ನಾಗಿ ನೆನಪಿತ್ತು: ಪೆಟ್ಟಿಗೆಗಳು ಬಂದಿದ್ದವು, ಲಿಫ್ಟು ಕೆಟ್ಟಿತ್ತು, ಅವನು ಪುಟಗಳ ಕೆಳತುದಿಯನ್ನಷ್ಟೇ ಮಡಚಿ ಮಡಚಿ ಸಹಿ ಹಾಕಿದ್ದ. ಒಂಬತ್ತನೇ ಪುಟದಲ್ಲಿ ಇನ್ನೊಂದು ಷರತ್ತಿತ್ತು. ಬೆಳಕು ಮಿತಿ ಮೀರಿದ ಪಕ್ಷದಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಎಲ್ಲ ಮೂವತ್ತೆರಡು ಕೃತಿಗಳನ್ನೂ ಹಿಂಪಡೆಯುವ ಹಕ್ಕು ಮಾಲೀಕ ಸಂಸ್ಥೆಗಿದೆ.

ಬುಧವಾರದಿಂದ ಐದು ದಿನವಾಗಿತ್ತು.

ಅವನು ಒಂದು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಸುಮಾರು ನಾನೂರ ಇಪ್ಪತ್ತು ಲಕ್ಸ್, ಹನ್ನೊಂದು ನಿಮಿಷ. ಮಾಮೂಲಿ ಬೆಳಕಿನಲ್ಲಿ ಒಂದೂವರೆ ಗಂಟೆ ನೇತುಹಾಕಿದ್ದಕ್ಕೆ ಸಮ. ಆ ಫೋಟೋ ದಿನಕ್ಕೆ ಎಂಟು ಗಂಟೆ ಗೋಡೆಯ ಮೇಲಿರುತ್ತದೆ. ಬಣ್ಣಕ್ಕೆ ಏನೂ ಆಗಿರಲಿಲ್ಲ. ಹಾಗೆಂದು ಚೀಟಿ ಸಾಬೀತು ಮಾಡುತ್ತಿತ್ತು, ಆದರೂ ಅವನು ಅದನ್ನು ಮೂರು ಸಲ ಲೆಕ್ಕ ಹಾಕಿ ಮೂರು ಸಲವೂ ಅದೇ ಉತ್ತರ ಬಂದ ಮೇಲೂ ಕಂಗಾಲಾದ: ತಿಳಿಸದೆ ಕಳೆದ ಐದು ದಿನ ಆ ಲೆಕ್ಕದಲ್ಲಿ ಇರಲಿಲ್ಲ. ಅವನ ನೇಮಕಾತಿ ವರ್ಷದಿಂದ ವರ್ಷಕ್ಕೆ ಮುಂದುವರಿಯುವಂಥದು. ಮುಂದುವರಿಕೆಯ ಪತ್ರ ಬರಬೇಕಾದದ್ದು ಮುಂದಿನ ತಿಂಗಳು.

ಮಂಗಳವಾರ ಬಾಗಿಲು ತೆರೆದ ಮೇಲೆ ಅವನು ಏನಾದರೊಂದು ನೆಪ ತೆಗೆದು ಆ ಕೋಣೆಗೆ ಹೋಗಿ ಬರುತ್ತಲೇ ಇದ್ದ. ಫ್ರೇಮಿನ ಎಡ ಮೂಲೆಯಲ್ಲಿ ಚೌಕಟ್ಟಿನ ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗುಂಡಿಯ ಬ್ಯಾಟರಿ ಸತ್ತಿರಬಹುದು. ಎಷ್ಟೋ ಸಲ ಸಾಯುತ್ತವೆ. ಹಾಗೆ ಯೋಚಿಸುತ್ತ ನಿಂತಾಗ ಹಿಂದಿನಿಂದ ಯಾರೋ ಫ್ಲ್ಯಾಶ್ ಹಾಕಿ ಫೋಟೋ ತೆಗೆದರು. ಅವನು ತಿರುಗಿ ಗದರಿದ ಸದ್ದಿಗೆ ಪಕ್ಕದ ಹಜಾರದ ಕಾವಲುಗಾರ ಓಡಿ ಬಂದ. ಫೋಟೋ ತೆಗೆದವರು ಏಳನೇ ಕ್ಲಾಸಿನ ಮೇಷ್ಟರು. ಹಿಂದೆ ಸಾಲಾಗಿ ನಿಂತ ಮಕ್ಕಳೆದುರು ಅವರ ಮುಖ ಚಿಕ್ಕದಾಯಿತು. ಕ್ಷಮೆ ಕೇಳಿದ್ದು ಅವರೇ.

ಮಧ್ಯಾಹ್ನ ಚಹಾದ ಹೊತ್ತಿಗೆ ಅವನು ರಿಜಿಸ್ಟ್ರಾರ್ ಬಳಿ ಹೋಗಿ, ಅಂಥ ಗುಂಡಿಗಳು ತಪ್ಪು ತೋರಿಸುವುದು ಉಂಟೇ, ಉದಾಹರಣೆಗೆ ಕಳೆದ ಬುಧವಾರ ಅಂತಿಟ್ಟುಕೋ, ಎಂದು ಕೇಳಿದ. ಕೇಳಿ ಮುಗಿಸುವಷ್ಟರಲ್ಲಿ ಅವಳ ಕೈಯಲ್ಲಿನ ಚಮಚ ನಿಧಾನವಾಯಿತು. ಅವಳು ಬಾಗಿಲು ನೋಡಿದಳು, ಲೋಟ ನೋಡಿದಳು.

"ದೀಪದ ಪುಸ್ತಕದಲ್ಲಿ ಬುಧವಾರದ ಪುಟದ ಕೆಳಗೆ ಎರಡು ಸಾಲಿಗೆ ಜಾಗ ಇದೆ," ಎಂದಳು. "ಬಲ್ಬು ಪರೀಕ್ಷೆ ಮಾಡುವಾಗ ಬೆಳಕು ಏರೋದು ಸಹಜ. ಅವರ ಒಪ್ಪಂದದಲ್ಲೂ ಅದಕ್ಕೆ ವಿನಾಯಿತಿ ಇದೆ, ಹನ್ನೊಂದನೇ ಪುಟ. ನೀನು ನಂಗೇನೂ ಹೇಳಿಲ್ಲ, ನಾನು ಏನೂ ಕೇಳಿಸ್ಕೊಂಡಿಲ್ಲ. ಸಕ್ಕರೆ ಬೇಕಾ?"

ಸಂಜೆ ಎಲ್ಲರೂ ಹೊರಟ ಮೇಲೆ ಅವನು ದಿನದಿನದ ದೀಪದ ಕೆಲಸ ಬರೆದಿಡುವ ಆ ಪುಸ್ತಕ ತೆರೆದ. ಎರಡು ಸಾಲಿಗೆ ಜಾಗವಿತ್ತು. ಪೆನ್ನು ತೆಗೆದವನು ಅದನ್ನು ಬಿಟ್ಟು ಪೆನ್ಸಿಲ್ ಹಿಡಿದ. "ಮ. 2:16ರಿಂದ 2:27. ನಾಲ್ಕನೇ ಬಲ್ಬಿನ ಪರೀಕ್ಷೆ." ಒಂದೇ ಸಾಲು ಸಾಕಾಯಿತು. ಅದರ ಮೇಲೆ ಶಾಯಿ ಎಳೆಯುವುದಷ್ಟೇ ಬಾಕಿ.

ಚಿಕ್ಕಮ್ಮ ಎರಡು ಸಲ ಫೋನ್ ಮಾಡಿದ್ದಳು. ಅವನು ಎತ್ತಿರಲಿಲ್ಲ. ಬುಧವಾರ ಅರ್ಧ ದಿನ ರಜೆ ಹಾಕಿ ಅವಳ ಮನೆಗೆ ಹೋದ.

ಅವಳ ಕುರ್ಚಿ ಕಿಟಕಿಗೆ ಅಡ್ಡವಾಗಿ ಇರುತ್ತಿತ್ತು. ಹಾಗೆ ಕೂತರೆ ರಸ್ತೆ ಕಾಣುತ್ತದೆ. ಬೆಂಕಿಕಡ್ಡಿಯ ಪೆಟ್ಟಿಗೆಯೊಂದು ಈಗಲೂ ಕಿಟಕಿಯ ಕಟ್ಟೆಯ ಮೇಲಿತ್ತು. ಅವಳು ಅವನ ಹೆಜ್ಜೆ ಗುರುತಿಸಿ, ದೊಡ್ಡ ಮನುಷ್ಯರಿಗೆ ಫೋನ್ ಎತ್ತೋಕೂ ಪುರುಸೊತ್ತಿಲ್ಲವೇನೋ ಎಂದಳು. ಆಮೇಲೆ ಮಡಿಲಿನಿಂದ ಒಂದು ಕಾಗದ ತೆಗೆದಳು. ಸಂಗ್ರಹಾಲಯಕ್ಕೆ ಪತ್ರ. ಇವಳು ಹೇಳಿದ್ದು, ಪಕ್ಕದ ಮನೆಯ ಸೊಸೆ ಬರೆದದ್ದು. ಏನಾದರೂ ತಪ್ಪಿದೆಯಾ ಓದಿ ಹೇಳು, ನಾಳೆ ಕಳಿಸಬೇಕು ಎಂದಳು.

ಅವನು ಗಟ್ಟಿಯಾಗಿ ಓದಿದ. ಸ್ಟುಡಿಯೋದ ವಿಳಾಸ, ಕೆಲಸಕ್ಕೆ ಸೇರಿದ ವರ್ಷ, ಬಿಟ್ಟ ವರ್ಷ. ಕೆಂಪು ಮುಗಿದದ್ದು, ಹಸಿರು ಹಚ್ಚಿದ್ದು, ಮಗು ಅತ್ತದ್ದು. "ಕಳೆದ ಬುಧವಾರ ಮಧ್ಯಾಹ್ನ, ನಿಮ್ಮಲ್ಲೇ ಕೆಲಸ ಮಾಡುವ ನಮ್ಮ ಹುಡುಗ ದೀಪ ಜೋರು ಮಾಡಿ..."

ಅವನು ಓದು ನಿಲ್ಲಿಸಿದ.

"ಯಾಕೆ?"

"ಅಕ್ಷರ ಗೊತ್ತಾಗ್ಲಿಲ್ಲ."

"ಅವಳ ಅಕ್ಷರ ಅಚ್ಚು ಹಾಕಿದ ಹಾಗಿರುತ್ತೆ ಅಂತ ಬೀದಿಯೆಲ್ಲ ಹೇಳುತ್ತೆ."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಜನರನ್ನು ಇಳಿಸಿ ಹೋಯಿತು. ಇಪ್ಪತ್ತಾರು ವರ್ಷ ಜನರ ಮುಖವನ್ನು ಅಂಗುಲ ಅಂಗುಲವಾಗಿ ನೋಡಿದವಳಿಗೆ ಈಗ ಅವನ ಮುಖ ಕಾಣುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು.

"ದೀಪ ಜೋರು ಮಾಡ್ಬಾರ್ದಿತ್ತಾ?" ಎಂದಳು.

ಅವನು ಹೇಳಿದ. ಗುಂಡಿ, ಏಳನೇ ಪುಟ, ನಾಳೆ ಬರುವವರು. ಪೆನ್ಸಿಲ್ಲಿನ ಸಾಲನ್ನು ಮಾತ್ರ ಹೇಳಲಿಲ್ಲ. ಅವಳು ಕೈ ಚಾಚಿ ಕಾಗದ ಇಸಿದುಕೊಂಡಳು, ಮಂಡಿಯ ಮೇಲಿಟ್ಟು ನಾಲ್ಕಾಗಿ ಮಡಚಿದಳು, ಬೆಂಕಿಕಡ್ಡಿಯ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಳು.

"ನಾನು ನೋಡ್ಲೇ ಇಲ್ಲ ಅಂದ್ಕೊಂಡ್ರಾಯ್ತು. ನೋಡ್ಲಿಲ್ಲ ಅನ್ನೋದು ನಿಜಾನೇ ತಾನೆ. ನೋಡಿದ್ದು ನೀನು."

"ಚಿಕ್ಕಮ್ಮ..."

"ಬಿಡು. ಇಷ್ಟು ವರ್ಷ ತಿಳಿದಿಲ್ಲ ಅಂತಾನೇ ಇತ್ತಲ್ಲ, ಯಾರ ಊಟ ನಿಂತಿತ್ತು?" ಅವಳು ಕಿಟಕಿಯ ಕಡೆಗೆ ತಿರುಗಿದಳು, ಎಂದರೆ ಅವನನ್ನೇ ನೋಡುತ್ತಿದ್ದಳು. "ಒಂದು ಮಾತು ಮಾತ್ರ ಹೇಳು. ಆ ಅಂಚಲ್ಲಿ ಹಸಿರು ಇತ್ತಾ? ಇಲ್ಲ, ಮುದುಕಿ ಖುಷಿ ಪಡ್ಲಿ ಅಂತ ಹೇಳಿದ್ಯಾ?"

"ಇತ್ತು."

"ಎಂಥ ಹಸಿರು?"

ಅವನು ಕಣ್ಣು ಮುಚ್ಚಿಕೊಂಡ. "ಎಲೆ ಹಸಿರಲ್ಲ. ಎಲೆ ಒಣಗೋಕೆ ಶುರುವಾದಾಗ ಇರುತ್ತಲ್ಲ, ಹಾಗೆ. ಸ್ವಲ್ಪ ಹಳದಿ."

"ಹೂಂ," ಎಂದಳು. "ಹಳದಿ ಬೆರೆಸಿದ್ದೆ."

ಚಹಾ ಕುಡಿದು ಅವನು ಎದ್ದಾಗ ಕಾಗದ ಪೆಟ್ಟಿಗೆಯ ಅಡಿಯಲ್ಲೇ ಇತ್ತು. ಅವನು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಅವಳಿಗೆ ಅದು ಕಂಡಿತೋ ಇಲ್ಲವೋ.

ಗುರುವಾರ ಬೆಳಿಗ್ಗೆ ಅವನು ಒಂದು ಗಂಟೆ ಮುಂಚೆ ಬಂದ. ಪುಸ್ತಕದ ಪೆನ್ಸಿಲ್ ಸಾಲನ್ನು ಉಜ್ಜಿ ಅಳಿಸಿ ರಬ್ಬರಿನ ಪುಡಿ ಊದಿದ. ಬೇರೊಂದು ಹಾಳೆಯ ಮೇಲೆ ಶಾಯಿಯಲ್ಲಿ ಬರೆಯತೊಡಗಿದ. ದಿನಾಂಕ, ಸಮಯ, ದೀಪದ ಸಂಖ್ಯೆ ಸಲೀಸಾಗಿ ಬಂದವು. ಕಾರಣಕ್ಕೆ ಚಿಕ್ಕಮ್ಮನ ಪತ್ರವನ್ನೇ ಜೊತೆಗಿಟ್ಟ. ಕೈ ನಿಂತದ್ದು ಕೊನೆಯ ಎರಡು ವಾಕ್ಯಗಳಲ್ಲಿ. ಅವನ್ನು ಬರೆಯದಿದ್ದರೂ ವರದಿ ಪೂರ್ತಿಯೇ, ಯಾರೂ ಕೇಳುತ್ತಿರಲಿಲ್ಲ. ಆದರೆ ಎರಡೂ ಯಂತ್ರಗಳ ಅಳತೆಯನ್ನು ಪಕ್ಕಪಕ್ಕ ಇಟ್ಟವರಿಗೆ ಒಂದು ದಿನ ಕಂಡೇ ಕಾಣುತ್ತದೆ. "ನಮ್ಮ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಅಳೆಯುತ್ತದೆ. ಅದರ ಕಣ್ಣು ತಪ್ಪಿಸಲೆಂದೇ 2:16ನ್ನು ಆರಿಸಿಕೊಂಡೆ." ಸಹಿ ಹಾಕುವ ಮೊದಲು ಇಡೀ ಹಾಳೆಯನ್ನು ಮೇಲಿನಿಂದ ಓದಿದ.

ಹತ್ತೂವರೆಗೆ ಬಂದವರು ಐವತ್ತು ದಾಟಿದ ಹೆಂಗಸು. ಗಿಡ್ಡ ನರೆಗೂದಲು, ಸದ್ದಿಲ್ಲದ ರಬ್ಬರ್ ಚಪ್ಪಲಿ, ಕಿವಿಯ ಮೇಲೆ ಪೆನ್ಸಿಲ್. ಹದಿನೇಳನೆಯದನ್ನು ಗೋಡೆಯಿಂದ ಇಳಿಸಿ ಕೆಳಗಿನ ಕೆಲಸದ ಕೋಣೆಗೆ ತಂದು ಮೇಜಿನ ಮೇಲೆ ಮಲಗಿಸಲಾಗಿತ್ತು. ರಿಜಿಸ್ಟ್ರಾರ್ ದೀಪದ ಪುಸ್ತಕವನ್ನು ಬುಧವಾರದ ಪುಟಕ್ಕೆ ತೆರೆದಿಟ್ಟಳು. ಪುಟದ ತಳ ಖಾಲಿಯಿರುವುದು ಆಗ ಅವಳಿಗೆ ಕಂಡಿತು. ಅವಳು ಅವನ ಕಡೆ ನೋಡಲಿಲ್ಲ. ಫ್ರೇಮಿನ ತಿರುಪು ಬಿಚ್ಚುವ ಮೊದಲೇ ಅವನು ತನ್ನ ಹಾಳೆ ಮತ್ತು ಚಿಕ್ಕಮ್ಮನ ಪತ್ರವನ್ನು ಬಂದವರ ಮುಂದಿಟ್ಟ.

ಅವರು ಎರಡು ಸಲ ಓದಿದರು. ಗುಂಡಿಯನ್ನು ಹೊರತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆಯ ಮೇಲೆ ಎಂಟು ವಾರಗಳ ಬೆಳಕು ಒಂದು ಸಪಾಟು ಗೆರೆಯಾಗಿ ಬಂತು. ಅದರಲ್ಲಿ ಒಂದೇ ಒಂದು ಕಡೆ, ಬೋಳು ಬಾಯಿಯಲ್ಲಿ ಉಳಿದ ಹಲ್ಲಿನ ಹಾಗೆ, ನಾನೂರ ಇಪ್ಪತ್ತೊಂದು.

"ಹನ್ನೊಂದು ನಿಮಿಷದಲ್ಲಿ ಈ ಫೋಟೋಗೆ ಏನೂ ಆಗಿರಲ್ಲ," ಎಂದರು. "ಅದು ನಂಗೂ ಗೊತ್ತು, ನಿಮ್ಗೂ ಗೊತ್ತು. ಎಂಟು ದಿನ ಸುಮ್ನಿದ್ರಲ್ಲ, ಅದಕ್ಕೇನು ಹೇಳ್ತೀರಿ?"

ಅವನು ಪರದೆಯ ಮೇಲಿನ ಆ ಹಲ್ಲಿನ ಕಡೆ ನೋಡಿದ.

"ಒಂದ್ ಕಾಗದ ಬರೆದಿದ್ರೆ ನಾನೇ ಭೂತಗನ್ನಡಿ ಹಿಡ್ಕೊಂಡು ಬರ್ತಿದ್ದೆ. ನಿಮ್ಮ ಚಿಕ್ಕಮ್ಮನ ಪಕ್ಕ ನಿಂತು ನೋಡ್ತಿದ್ದೆ."

ಈ ಮಾತು ಅವನಿಗೆ ಎಂಟು ದಿನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಅವರು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ರಿಬ್ಬನ್ನಿನ ಮೇಲೆ ಬಗ್ಗಿದರು. ಅವನು ಮೇಜಿನ ಅಂಚು ಹಿಡಿದು ನಿಂತಿದ್ದ. ಈಗ ಅವನಿಗೆ ಇನ್ನೊಂದು ಹೆದರಿಕೆ ಶುರುವಾಗಿತ್ತು: ಹಸಿರು ಇಲ್ಲದಿದ್ದರೆ? ಆವತ್ತು ತಾನು ನೋಡಬೇಕೆಂದಿದ್ದನ್ನೇ ನೋಡಿದ್ದರೆ?

"ಇದೆ," ಎಂದರು ಅವರು, ತಲೆ ಎತ್ತದೆ. "ಹಳದಿ ಮಿಶ್ರದ ಹಸಿರು. ಕೆಂಪಿನ ಕೆಳಗಿಂದ ಬಂದಿದೆ."

ಆ ಮಧ್ಯಾಹ್ನ ಅವರು ರಿಜಿಸ್ಟ್ರಾರ್ ಫೋನಿನಿಂದ ಚಿಕ್ಕಮ್ಮನ ಜೊತೆ ನಲವತ್ತು ನಿಮಿಷ ಮಾತಾಡಿ ಮೂರು ಪುಟ ಬರೆದುಕೊಂಡರು. ದೊಡ್ಡ ಹುಡುಗಿಯ ಬೂಟಿನ ಬಣ್ಣ ಕೇಳಿದ್ದಕ್ಕೆ ಚಿಕ್ಕಮ್ಮ ಸರಿಯಾಗಿ ಹೇಳಿದಳು. ಚಿಕ್ಕವಳ ಬಳೆಯದು ನೆನಪಿಲ್ಲ ಎಂದಳು. ನೆನಪಿಲ್ಲ ಎಂದದ್ದನ್ನೂ ಅವರು ಬರೆದುಕೊಂಡರು. ಹೊರಡುವ ಮುಂಚೆ ತೀರ್ಮಾನ ಹೇಳಿದರು: ಮೂವತ್ತೊಂದು ಫೋಟೋಗಳು ಪ್ರದರ್ಶನ ಮುಗಿಯುವ ತನಕ ಇರುತ್ತವೆ. ಹದಿನೇಳನೆಯದು ಮತ್ತೆ ಗೋಡೆಗೆ ಹೋಗುವುದಿಲ್ಲ; ಮಿತಿ ಮೀರಿ ಬೆಳಕು ಬಿದ್ದ ಕೃತಿಯನ್ನು ಕತ್ತಲ ಪೆಟ್ಟಿಗೆಯಲ್ಲಿ ಇಡಬೇಕು. ಚೀಟಿ ಬದಲಾಗಬೇಕು. ಹೊಸ ಚೀಟಿಯ ಒಕ್ಕಣೆಯನ್ನು ಅವರೇ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟರು.

ಶನಿವಾರ ನಿರ್ದೇಶಕರ ಕಚೇರಿಯಿಂದ ಅವನಿಗೆ ಲಿಖಿತ ಎಚ್ಚರಿಕೆ ಬಂತು. ನೇಮಕಾತಿ ಮುಂದುವರಿಕೆಯ ಫೈಲು ಅವರ ಮೇಜಿನ ಮೇಲೇ ಇದೆ, ಸದ್ಯಕ್ಕೆ ಏನೂ ಹೇಳುವಂತಿಲ್ಲ ಎಂದು ರಿಜಿಸ್ಟ್ರಾರ್ ತಿಳಿಸಿದಳು. ಅವಳ ದನಿ ಸ್ವಲ್ಪ ಬಿಗಿಯಾಗಿತ್ತು. ಜಾಗ ಇತ್ತಲ್ಲ ಎಂದು ಅವಳು ಮತ್ತೆ ಹೇಳಲಿಲ್ಲ.

ಮುಂದಿನ ಬುಧವಾರ ಎರಡು ಗಂಟೆಗೆ ಕಾವಲುಗಾರ ಊಟಕ್ಕೆ ಹೋದ. ಚಿಕ್ಕಮ್ಮ ಅವನ ತೋಳು ಹಿಡಿದು ಕೋಣೆಯ ಕೊನೆಯವರೆಗೆ ನಡೆದಳು. ಅಡ್ಡಗೋಡೆಯ ಮೇಲೆ ಎರಡು ಕೊಕ್ಕೆಗಳಿದ್ದವು, ನಡುವೆ ಖಾಲಿ ಗೋಡೆ. ಪಕ್ಕದಲ್ಲಿ ಹೊಸ ಬಿಳಿ ಚೀಟಿ. ಅದರ ಕೆಳಗೆ ರಿಜಿಸ್ಟ್ರಾರ್ ಅಂಟಿಸಿದ ಇನ್ನೊಂದು ಸಣ್ಣ ಪಟ್ಟಿ: ಈ ಕೃತಿಯನ್ನು ವಿಶ್ರಾಂತಿಗಾಗಿ ತೆಗೆಯಲಾಗಿದೆ. ಅವನು ಪಟ್ಟಿಯನ್ನು ಮಾತ್ರ ಓದಿ ಹೇಳಿದ.

"ಅದಕ್ಕಾದ್ರೂ ಸಿಕ್ತಲ್ಲ," ಎಂದಳು. "ಮೇಲಿಂದು ಓದು."

"ನೀನೇ ಓದು."

"ಈ ಕತ್ತಲೇಲಾ?"

ಅವನು ಅವಳನ್ನು ಗೋಡೆಯ ಎದುರು ನಿಲ್ಲಿಸಿ ಬಾಗಿಲ ಹಿಂದಿನ ಪೆಟ್ಟಿಗೆಯ ಬಳಿ ಹೋದ. ಮೊದಲು ದೀಪದ ಪುಸ್ತಕ ತೆರೆದು ಶಾಯಿಯಲ್ಲಿ ಸಮಯ ಬರೆದ: ಮ. 2:14. ಕಾರಣ ಬರೆದ, ಸಹಿ ಹಾಕಿದ. ಆಮೇಲೆ ಅಡ್ಡಗೋಡೆಯ ದೀಪದ ತಿರುಪನ್ನು ಪೂರ್ತಿ ತಿರುಗಿಸಿದ. ಅಳತೆಯ ಮೀಟರು ಹಿಡಿದು ಹತ್ತಿರದ ಚಿತ್ರಗಳ ಮುಂದೆ ನಿಂತು ನೋಡಿದ. ಹದಿನಾರರ ಮೇಲೆ ನಲವತ್ತೊಂಬತ್ತು. ಹದಿನೆಂಟರ ಮೇಲೆ ಐವತ್ತು. ಖಾಲಿ ಗೋಡೆಯ ಮೇಲೆ ನಾನೂರ ಹದಿನೆಂಟು. ಎರಡೂಕಾಲಿಗೆ ಗೋಡೆಯ ಯಂತ್ರ ಅಳತೆ ತೆಗೆದುಕೊಳ್ಳುವುದನ್ನು ಅವನು ಗಡಿಯಾರ ನೋಡುತ್ತ ಕಾದ.

ಚಿಕ್ಕಮ್ಮ ಚೀಲದಿಂದ ದಪ್ಪ ಗಾಜಿನ ಭೂತಗನ್ನಡಿ ತೆಗೆದಳು. ಮುಖವನ್ನು ಬಾಗಿಲ ಕಡೆ ತಿರುಗಿಸಿದಳು. ಬಲಗೈಯ ತೋರುಬೆರಳನ್ನು ಚೀಟಿಯ ಮೊದಲ ಅಕ್ಷರದ ಕೆಳಗೆ ಇಟ್ಟಳು. ಬಣ್ಣ ಹಚ್ಚಿದವರು ಎಂಬಲ್ಲಿಗೆ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಲ್ಲಿಂದ ಮುಂದೆ, ತನ್ನ ಹೆಸರಿನ ಮೇಲೆ, ಬೆರಳು ಇನ್ನೂ ನಿಧಾನವಾಯಿತು. ಕೊನೆಯ ಸಾಲಿನಲ್ಲಿ ಒಂದು ಸಲ ಗೊಣಗಿದಳು: "ಸ್ವಂತ ಹೇಳಿಕೆಯಂತೆ, ಅಂತ ಬೇರೆ ಹಾಕಿದಾರೆ. ಪೊಲೀಸ್ ಸ್ಟೇಷನ್ನಿನ ಹಾಗೆ." ಆದರೆ ಬೆರಳು ತೆಗೆಯಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಮೇಲಿನ ಸಾಲಿನ ಶುರುವಿಗೆ ಬಂತು.

ಆಗ ಬಿಸಿಲಿನಿಂದ ಇಬ್ಬರು ಬಾಗಿಲಿಗೆ ಬಂದರು. ಒಳಗೆ, ಮಬ್ಬಿನ ಆಚೆ ತುದಿಯಲ್ಲಿ, ಖಾಲಿ ಗೋಡೆಯ ಮೇಲೆ ಬೆಳಕು ಚೆಲ್ಲಿತ್ತು. ಅದರ ಪಕ್ಕ ನಿಂತ ಮುದುಕಿಯೊಬ್ಬಳು ನೇರವಾಗಿ ತಮ್ಮನ್ನೇ ನೋಡುತ್ತಿದ್ದಾಳೆ ಅನ್ನಿಸಿ ಅವರು ಹೊಸ್ತಿಲಲ್ಲೇ ನಿಂತರು. ಅವಳ ಬೆರಳು ಮುಂದಿನ ಅಕ್ಷರಕ್ಕೆ ಸರಿಯಿತು.